ಸೋಸಿದ ನೀರು ಮತ್ತು ಕಾರ್ಖಾನೆಯ ಕಾಲುವೆ

ಜೈನ ಶ್ರಾವಕನ ಮನೆಯನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ಹಿರಿಯರು ಮೂರೇ ಮಾತುಗಳಲ್ಲಿ ಉತ್ತರ ಕೊಡುತ್ತ ಬಂದಿದ್ದಾರೆ: ನಿತ್ಯ ಜಿನದರ್ಶನ, ರಾತ್ರಿಭೋಜನ ತ್ಯಾಗ, ಸೋಸಿದ ನೀರಿನ ಬಳಕೆ. ಮೊದಲಿನ ಎರಡರಲ್ಲಿ ಶಿಥಿಲತೆ ಬಂದಿರುವ ಮನೆಗಳಲ್ಲಿಯೂ ಮೂರನೆಯದು ಹೇಗೋ ಉಳಿದುಕೊಂಡಿದೆ. ನಲ್ಲಿಯ ಬಾಯಿಗೆ ಕಟ್ಟಿದ ಬಿಳಿಯ ಬಟ್ಟೆಯನ್ನು ಕಂಡು ಇದು ಜೈನರ ಮನೆ ಎಂದು ನೆರೆಯವರು ಹೇಳುವುದುಂಟು. ಸಮಾಜಕ್ಕೆ ಇದು ಅಭಿಮಾನದ ವಿಷಯ. ಆದರೆ ಅಭಿಮಾನಪಡುವ ಮುನ್ನ ಈ ಆಚರಣೆಯ ವಿಧಿ ಏನೆಂಬುದನ್ನು ಪೂರ್ಣವಾಗಿ ನೆನೆಯುವುದು ಒಳಿತು.

ಗಟ್ಟಿ ನೇಯ್ಗೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರನ್ನು ಸೋಸಬೇಕು. ಹಾಗೆ ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಎಂದರೆ ೪೮ ನಿಮಿಷ. ಆ ಬಳಿಕ ಮತ್ತೆ ಸೋಸಬೇಕು. ವಿಧಿ ಇಲ್ಲಿಗೇ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವರಾಶಿಯನ್ನು, ಜೀವಾಣಿ ಎಂದು ಕರೆಯಲ್ಪಡುವುದನ್ನು, ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಬಂದಿತೋ ಅದೇ ಬಾವಿಗೆ ಹಿಂದಿರುಗಿಸಬೇಕು. ಅದನ್ನೂ ಮೇಲಿನಿಂದ ಸುರಿಯಬಾರದು. ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಮೆಲ್ಲಗೆ ಬಿಡಬೇಕು. ಒಂದು ಬಾವಿಯ ಜೀವಗಳನ್ನು ಇನ್ನೊಂದು ಬಾವಿಗೆ ಬಿಡುವುದೂ ದೋಷವೇ. ಹೀಗೆ ಈ ವಿಧಿಗೆ ಎರಡು ಭಾಗಗಳು: ತೆಗೆದುಕೊಳ್ಳುವ ನೀರಿನ ವಿಷಯದಲ್ಲಿ ಒಂದು ಎಚ್ಚರ, ಹಿಂದಕ್ಕೆ ಬಿಡುವ ನೀರಿನ ವಿಷಯದಲ್ಲಿ ಇನ್ನೊಂದು ಎಚ್ಚರ. ಸಮಾಜವು ಮೊದಲನೆಯ ಭಾಗವನ್ನು ಅಡುಗೆಮನೆಯಲ್ಲಿ ಉಳಿಸಿಕೊಂಡಿದೆ. ಎರಡನೆಯ ಭಾಗವನ್ನು ಕಾರ್ಖಾನೆಯ ಹಿಂದಿನ ಗೋಡೆಯ ಬಳಿ, ಕಟ್ಟಡ ಕಟ್ಟುವ ನಿವೇಶನದ ಮೂಲೆಯಲ್ಲಿ ಕೈಬಿಟ್ಟಿದೆ.

ಈ ಆರೋಪ ಕಠೋರವೆಂದು ತೋರಬಹುದು. ಆದರೆ ಬಟ್ಟೆಗೆ ಬಣ್ಣ ಹಾಕುವ ಘಟಕ, ಔಷಧ ಮತ್ತು ರಾಸಾಯನಿಕಗಳ ತಯಾರಿಕೆ, ಲೋಹಕ್ಕೆ ಮುಲಾಮು ಹಾಕುವ ಕೆಲಸ, ಚಿನ್ನ ಬೆಳ್ಳಿಗಳನ್ನು ಆಮ್ಲದಲ್ಲಿ ಪರಿಷ್ಕರಿಸುವ ಕೋಣೆ, ಗ್ರಾನೈಟ್ ಕಲ್ಲನ್ನು ಕೊಯ್ದು ಹೊಳಪು ಕೊಡುವ ಕಾರ್ಖಾನೆ, ವಸತಿ ಸಮುಚ್ಚಯಗಳ ನಿರ್ಮಾಣ ಇವೆಲ್ಲವುಗಳಲ್ಲಿ ಜೈನ ಕುಟುಂಬಗಳ ಬಂಡವಾಳವಿದೆ ಎಂಬುದನ್ನು ಅಲ್ಲಗಳೆಯಲಾಗದು. ಉದ್ಯಮವನ್ನು ನಿಂದಿಸುವುದು ಇಲ್ಲಿಯ ಉದ್ದೇಶವಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಪ್ರಜೆಗಳಿಗೆ ಕಲಿಸಿದವನು ಆದಿತೀರ್ಥಂಕರನೇ ಎಂದು ಆದಿಪುರಾಣವನ್ನು ಓದಿದವರೆಲ್ಲ ಬಲ್ಲರು. ವಾಣಿಜ್ಯವೂ ಶಿಲ್ಪವೂ ಧರ್ಮಬಾಹಿರವಲ್ಲ. ಪ್ರಶ್ನೆ ಇರುವುದು ಅವುಗಳಿಂದ ಹೊರಬೀಳುವ ನೀರಿನ ಬಗ್ಗೆ.

ಕಾನೂನು ಕೇಳುವುದೇನು?

ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮವು ೧೯೭೪ರಲ್ಲಿ ಜಾರಿಗೆ ಬಂದಿತು. ಅದರ ೨೪ನೆಯ ಪ್ರಕರಣದ ಪ್ರಕಾರ ನಿಗದಿತ ಮಾನವನ್ನು ಮೀರಿದ ವಿಷಕಾರಿ ಅಥವಾ ಮಲಿನ ವಸ್ತುವನ್ನು ತಿಳಿದೂ ತಿಳಿದು ಹೊಳೆಗಾಗಲಿ, ಬಾವಿಗಾಗಲಿ, ಒಳಚರಂಡಿಗಾಗಲಿ, ನೆಲದ ಮೇಲಾಗಲಿ ಯಾರೂ ಬಿಡುವಂತಿಲ್ಲ, ಬಿಡಗೊಡುವಂತೆಯೂ ಇಲ್ಲ. ೨೫ನೆಯ ಪ್ರಕರಣದ ಪ್ರಕಾರ ತ್ಯಾಜ್ಯನೀರು ಹೊರಬರುವ ಯಾವ ಉದ್ಯಮವನ್ನೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪೂರ್ವಸಮ್ಮತಿಯಿಲ್ಲದೆ ಆರಂಭಿಸುವಂತಿಲ್ಲ. ೧೯೮೬ರ ಪರಿಸರ ಸಂರಕ್ಷಣಾ ನಿಯಮಗಳು ಕೆರೆ ಹೊಳೆಗಳಿಗೆ ಬಿಡುವ ನೀರಿಗೆ ಸಾಮಾನ್ಯ ಮಾನಗಳನ್ನು ಹೇಳುತ್ತವೆ: ಆಮ್ಲ-ಕ್ಷಾರ ಸೂಚ್ಯಂಕ ೫.೫ರಿಂದ ೯ರ ಒಳಗೆ, ತೇಲುವ ಘನಕಣಗಳು ಲೀಟರಿಗೆ ೧೦೦ ಮಿಲಿಗ್ರಾಂ, ಎಣ್ಣೆ ಮತ್ತು ಜಿಡ್ಡು ೧೦ ಮಿಲಿಗ್ರಾಂ, ಜೈವಿಕ ಆಮ್ಲಜನಕ ಬೇಡಿಕೆ ೩೦ ಮಿಲಿಗ್ರಾಂ ಮೀರಬಾರದು. ಕೆಲವು ಉದ್ಯಮಗಳಿಗೆ ಇವಕ್ಕಿಂತ ಬೇರೆಯಾದ ವಿಶೇಷ ಮಾನಗಳೂ ಇವೆ.

ಇವುಗಳಲ್ಲಿ ಕೊನೆಯದನ್ನು ಜೈನ ದೃಷ್ಟಿಯಿಂದ ತುಸು ವಿವರಿಸಬೇಕು. ಕೊಳೆಯುವ ವಸ್ತು ನೀರಿಗೆ ಬಿದ್ದಾಗ ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರುತ್ತವೆ. ಎಷ್ಟು ಹೀರುತ್ತವೆ ಎಂಬುದರ ಲೆಕ್ಕವೇ ಜೈವಿಕ ಆಮ್ಲಜನಕ ಬೇಡಿಕೆ. ನಮ್ಮ ನಾಡಿನ ಉಷ್ಣತೆಯಲ್ಲಿ ನಿರ್ಮಲವಾದ ನೀರಿನ ಒಂದು ಲೀಟರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು ೮ ಮಿಲಿಗ್ರಾಂ ಮಾತ್ರ. ಆ ಅಲ್ಪ ಭಂಡಾರವನ್ನೇ ಮೀನು, ಕಪ್ಪೆಯ ಮರಿ, ಹುಳು, ಸೀಗಡಿಗಳೆಲ್ಲ ಹಂಚಿಕೊಳ್ಳಬೇಕು. ನೂರಾರು ಮಿಲಿಗ್ರಾಂ ಬೇಡಿಕೆಯುಳ್ಳ ತ್ಯಾಜ್ಯನೀರನ್ನು ಕೆರೆಗೆ ಬಿಟ್ಟರೆ ಆಗುವುದೇನು ಎಂದು ತಿಳಿಯಲು ರಸಾಯನಶಾಸ್ತ್ರದ ಪದವಿ ಬೇಕಿಲ್ಲ. ಕೆರೆ ಉಸಿರುಗಟ್ಟುತ್ತದೆ. ಮಂಡಳಿಯ ನಮೂನೆಯಲ್ಲಿ ಒಂದು ಅಂಕಿಯಾಗಿ ಕಾಣುವುದು ಕೆರೆಯಲ್ಲಿ ದ್ವೀಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳ ಪ್ರಾಣವ್ಯಪರೋಪಣ. ಮನೆಯಲ್ಲಿ ಕಣ್ಣಿಗೆ ಕಾಣದ ತ್ರಸಜೀವಿಯನ್ನು ಬಟ್ಟೆಯಿಂದ ಕಾಪಾಡಿದವರು ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣುವ ಮೀನನ್ನು ಕಾಪಾಡಬೇಡವೇ?

ಮಳೆಗಾಲ ಮತ್ತು ಚಾತುರ್ಮಾಸ

ತ್ಯಾಜ್ಯನೀರಿನ ವಿಷಯ ಸ್ವಲ್ಪಮಟ್ಟಿಗೆ ಎಲ್ಲರಿಗೂ ತಿಳಿದದ್ದು. ಮಳೆನೀರಿನ ವಿಷಯ ಹಾಗಲ್ಲ. ಆಕಾಶದಿಂದ ಬೀಳುವ ನೀರು ಯಾರ ತಪ್ಪಿನಿಂದಲೂ ಮಲಿನವಾಗದು ಎಂಬ ಭಾವನೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಕಾರ್ಖಾನೆಯ ಅಂಗಳದಲ್ಲಿ ಮುಚ್ಚದೆ ಬಿಟ್ಟ ಕಲ್ಲಿದ್ದಲು, ಬೂದಿ, ಲೋಹದ ಚೂರು, ಸೋರುವ ಎಣ್ಣೆಯ ಪೀಪಾಯಿ, ಒಡೆದ ರಾಸಾಯನಿಕದ ಚೀಲ, ಶುದ್ಧೀಕರಣ ಘಟಕದಿಂದ ತೆಗೆದು ರಾಶಿ ಹಾಕಿದ ಕೆಸರು ಇವೆಲ್ಲವುಗಳ ಮೇಲೆ ಮೊದಲ ಮಳೆ ಬಿದ್ದಾಗ ತಿಂಗಳುಗಟ್ಟಲೆ ಕೂಡಿದ ವಿಷ ಒಂದು ಗಂಟೆಯಲ್ಲಿ ಚರಂಡಿಗೆ ಇಳಿಯುತ್ತದೆ. ಕಟ್ಟಡ ಕಟ್ಟುವ ನಿವೇಶನದಲ್ಲಿ ಅಗೆದ ಮಣ್ಣು, ಸಿಮೆಂಟು ಕಲಸಿದ ಯಂತ್ರವನ್ನು ತೊಳೆದ ಕ್ಷಾರಜಲ, ತಳಪಾಯದ ಗುಂಡಿಯಿಂದ ಪಂಪು ಹಾಕಿ ಹೊರಚೆಲ್ಲಿದ ಕೆಸರುನೀರು, ಕೂಲಿಕಾರರ ಗುಡಿಸಲುಗಳಿಗೆ ಶೌಚಾಲಯ ಕಟ್ಟದಿದ್ದುದರ ಫಲ, ಎಲ್ಲವೂ ಅದೇ ದಾರಿ ಹಿಡಿಯುತ್ತವೆ. ಆ ದಾರಿಯ ಕೊನೆಯಲ್ಲಿ ರಾಜಕಾಲುವೆ, ಅದರ ಕೊನೆಯಲ್ಲಿ ಕೆರೆ. ಕಾಲುವೆಯಲ್ಲಿ ಹೂಳು ತುಂಬಿ ಮುಂದಿನ ಮಳೆಗೆ ತಗ್ಗಿನ ಬಡಾವಣೆಗಳು ಮುಳುಗಿದಾಗ ಮಳೆಯನ್ನು ದೂರುವುದು ವಾಡಿಕೆಯಾಗಿದೆ.

ಇದಕ್ಕೂ ಕೆಟ್ಟದ್ದು ಒಂದಿದೆ. ಮಳೆ ಜೋರಾಗಿ ಸುರಿಯುವ ರಾತ್ರಿಗಾಗಿಯೇ ಕಾದಿದ್ದು, ತೊಟ್ಟಿಯಲ್ಲಿ ಕೂಡಿಟ್ಟ ಕಲುಷಿತ ನೀರನ್ನು ಮಳೆನೀರಿನ ಚರಂಡಿಗೆ ಬಿಡುವ ಪದ್ಧತಿ. ನೀರು ನೀರಿನಲ್ಲಿ ಬೆರೆಯುತ್ತದೆ, ಬಣ್ಣ ಮಾಸುತ್ತದೆ, ಬೆಳಗಾಗುವಷ್ಟರಲ್ಲಿ ಗುರುತು ಉಳಿಯುವುದಿಲ್ಲ. ಆಷಾಢದಿಂದ ಕಾರ್ತಿಕದವರೆಗೆ ನೆಲವೆಲ್ಲ ಜೀವಮಯವಾಗಿರುತ್ತದೆ ಎಂಬ ಕಾರಣದಿಂದ ಮುನಿಗಳೂ ಆರ್ಯಿಕೆಯರೂ ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಒಂದು ಹೆಜ್ಜೆಯಿಂದ ಆಗಬಹುದಾದ ಹಿಂಸೆಗೆ ಅಂಜಿ ಅವರು ನಡಿಗೆಯನ್ನೇ ತ್ಯಜಿಸುವ ಅದೇ ನಾಲ್ಕು ತಿಂಗಳುಗಳನ್ನು, ಅವರ ಚಾತುರ್ಮಾಸದ ವೆಚ್ಚವನ್ನು ಭಕ್ತಿಯಿಂದ ಹೊತ್ತ ಶ್ರಾವಕನೇ ಕವಾಟ ತೆರೆಯಲು ಅನುಕೂಲಕಾಲವೆಂದು ಎಣಿಸಿದರೆ, ಆ ಚಾತುರ್ಮಾಸದ ಅರ್ಥವಾದರೂ ಏನು?

ಮಳೆನೀರು ಮಾಡಬಹುದಾದ ಅನಾಹುತಕ್ಕೆ ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ ಎಂಬ ಹಳ್ಳಿ ಸಾಕ್ಷಿ. ಬಣ್ಣದ ಉದ್ಯಮಕ್ಕೆ ಬೇಕಾದ ಎಚ್-ಆಸಿಡ್ ಎಂಬ ರಾಸಾಯನಿಕವನ್ನು ಅಲ್ಲಿ ತಯಾರಿಸುತ್ತಿದ್ದರು. ೧೯೮೯ರ ಹೊತ್ತಿಗೆ ತಯಾರಿಕೆ ನಿಂತಿತು. ಅಷ್ಟರಲ್ಲಿ ತಯಾರಾದ ಸರಕು ಸುಮಾರು ೩೭೫ ಟನ್, ಉಳಿದ ವಿಷಮಯ ಕೆಸರು ಸುಮಾರು ೨,೪೪೦ ಟನ್. ಬಯಲಿನಲ್ಲಿ ಬಿಸುಟ ಆ ಕೆಸರಿನ ಮೇಲೆ ಮಳೆ ಸುರಿದು ವಿಷ ಭೂಮಿಯ ಒಡಲಿಗಿಳಿಯಿತು. ಸುಮಾರು ೬೦ ಬಾವಿಗಳ ನೀರು ಕುಡಿಯಲೂ ಬೇಸಾಯಕ್ಕೂ ಅಯೋಗ್ಯವಾಯಿತು. ಮಾಲಿನ್ಯ ಮಾಡಿದವನೇ ಅದರ ಬೆಲೆ ತೆರಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೯೬ರಲ್ಲಿ ತೀರ್ಪಿತ್ತಿತು. ಆ ಬಳಿಕವೂ ವ್ಯಾಜ್ಯ ಎಳೆದಾಡಿ, ೨೦೧೧ರಲ್ಲಿ ೩೭.೩೮೫ ಕೋಟಿ ರೂಪಾಯಿಯನ್ನು ಚಕ್ರಬಡ್ಡಿ ಸಹಿತ ಕೊಡಬೇಕೆಂದು ಅದೇ ನ್ಯಾಯಾಲಯ ಆಜ್ಞಾಪಿಸಬೇಕಾಯಿತು. ಜಮಾಖರ್ಚು ಬಲ್ಲ ಯಾವ ವರ್ತಕನಾದರೂ ಈ ಅಂಕಿಗಳನ್ನು ಎದುರುಬದುರಾಗಿ ಬರೆದು ನೋಡಲಿ. ಮಾರಿದ ಒಂದು ಟನ್ ಸರಕಿಗೆ ಆರೂವರೆ ಟನ್ ವಿಷ ನೆರೆಯವರ ನೆಲದ ಪಾಲು. ಆ ಖರ್ಚು ಕಾರ್ಖಾನೆಯ ಪುಸ್ತಕದಲ್ಲಿ ಎಲ್ಲಿಯೂ ಬರೆಯಲ್ಪಟ್ಟಿರಲಿಲ್ಲವಾದ್ದರಿಂದಲೇ ಲಾಭ ಕಂಡಿತು.

ಉದ್ಯೋಗೀ ಹಿಂಸೆ ಎಂಬ ನೆಪ

ಈ ಮಾತನ್ನೆತ್ತಿದಾಗ ಸಮಾಜದ ಸಭೆಗಳಲ್ಲಿ ಕೇಳಿಬರುವ ಮೊದಲನೆಯ ಸಮಾಧಾನ ಶಾಸ್ತ್ರದ್ದೇ ಆಗಿರುತ್ತದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ಬಗೆ. ಗೃಹಸ್ಥನು ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು ಮಾತ್ರ. ಉದ್ಯೋಗದಲ್ಲಿ ಆಗುವ ಹಿಂಸೆ ಅನಿವಾರ್ಯ. ಆದ್ದರಿಂದ ಕಾರ್ಖಾನೆಯ ನೀರಿಗೂ ಅಣುವ್ರತಕ್ಕೂ ಸಂಬಂಧವಿಲ್ಲ ಎಂಬುದು ಆ ವಾದ.

ವಿಭಾಗವೇನೋ ಸರಿ, ತೀರ್ಮಾನ ತಪ್ಪು. ಉದ್ಯೋಗೀ ಹಿಂಸೆ ಎಂದರೆ ಯತ್ನಾಚಾರದಿಂದ, ಸಕಲ ಎಚ್ಚರಿಕೆಗಳನ್ನೂ ವಹಿಸಿದ ಮೇಲೆಯೂ ತಪ್ಪಿಸಲಾಗದೆ ಉಳಿಯುವ ಹಿಂಸೆ. ರೈತನ ನೇಗಿಲಿಗೆ ಸಿಕ್ಕುವ ಹುಳು ಅದಕ್ಕೆ ಉದಾಹರಣೆ. ಶುದ್ಧೀಕರಣ ಘಟಕವನ್ನು ಕಟ್ಟಿ, ಅದನ್ನು ನಡೆಸುವ ವಿದ್ಯುತ್ತಿನ ವೆಚ್ಚ ಉಳಿಯಲೆಂದು ರಾತ್ರಿ ನಿಲ್ಲಿಸಿ, ಪಕ್ಕದ ಕೊಳವೆಯಿಂದ ನೀರನ್ನು ಹೊರಬಿಡುವುದರಲ್ಲಿ ಅನಿವಾರ್ಯವಾದದ್ದು ಯಾವುದು? ಆ ಕೊಳವೆಯನ್ನು ಯಾರೋ ಯೋಚಿಸಿ ಹೂಳಿದ್ದಾರೆ. ಅದರ ಕವಾಟವನ್ನು ಯಾರೋ ಹೊತ್ತು ನೋಡಿ ತಿರುಗಿಸಿದ್ದಾರೆ. ಹೀಗೆ ಹೊತ್ತು ನೋಡಿ ಮಾಡಿದ ಕೆಲಸಕ್ಕೆ ಸಂಕಲ್ಪವೆಂದಲ್ಲದೆ ಬೇರೆ ಹೆಸರಿಲ್ಲ. ಅಧಿನಿಯಮವು ಬಳಸುವ ‘ತಿಳಿದೂ ತಿಳಿದು’ ಎಂಬರ್ಥದ ಮಾತೂ ಇದನ್ನೇ ಸೂಚಿಸುತ್ತದೆ.

ಹಿಂಸೆಯ ಲಕ್ಷಣದಲ್ಲಿ ತತ್ತ್ವಾರ್ಥಸೂತ್ರವು ಪ್ರಾಣಹಾನಿಗಿಂತ ಮುಂಚೆ ಪ್ರಮಾದವನ್ನು ಹೇಳುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅದನ್ನೇ ವಿಸ್ತರಿಸಿ, ಎಚ್ಚರದಿಂದ ನಡೆಯುವವನಿಂದ ಜೀವ ಹೋದರೂ ಅದು ಹಿಂಸೆಯಲ್ಲವೆಂದೂ, ಪ್ರಮಾದಿಯಾದವನಿಗೆ ಜೀವ ಹೋಗಲಿ ಬಿಡಲಿ ಹಿಂಸಾದೋಷ ತಪ್ಪದೆಂದೂ ತಿಳಿಸುತ್ತಾರೆ. ಗೃಹಸ್ಥನಿಗೆ ಏಕೇಂದ್ರಿಯ ಜೀವಗಳ ವಿಷಯದಲ್ಲಿ ರಿಯಾಯಿತಿ ಉಂಟಾದರೂ ಅದು ಅಗತ್ಯವಿದ್ದಷ್ಟಕ್ಕೇ ಸೀಮಿತವೆಂದು ಅದೇ ಗ್ರಂಥ ಎಚ್ಚರಿಸುತ್ತದೆ. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು ಮುಂತಾದವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂಬ ಅನರ್ಥದಂಡವೆಂದು ಎಣಿಸಿದ್ದಾರೆ. ಹೀಗಿರಲು ‘ನೀರು ಏಕೇಂದ್ರಿಯ, ಅದಕ್ಕೆ ಚಿಂತೆಯಿಲ್ಲ’ ಎಂಬ ಮಾತಿಗೆ ಶಾಸ್ತ್ರಾಧಾರ ಎಲ್ಲಿಯದು?

ಕವಾಟ ತಿರುಗಿಸಿದವನು ನೌಕರ, ಮಾಲೀಕನಿಗೆ ತಿಳಿಯದು ಎಂಬುದು ಇನ್ನೊಂದು ಸಮಾಧಾನ. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಪ್ರತಿದಿನ ಪ್ರತಿಕ್ರಮಣದಲ್ಲಿ ಉಚ್ಚರಿಸುವ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕು ರೂಪಾಯಿ ನಗದು ಕಡಿಮೆಯಾದರೆ ರಾತ್ರಿ ಹನ್ನೊಂದರವರೆಗೆ ಲೆಕ್ಕ ನೋಡುವ ಮಾಲೀಕನಿಗೆ ನಾಲ್ಕು ಸಾವಿರ ಲೀಟರ್ ನೀರು ಎಲ್ಲಿ ಹೋಯಿತೆಂದು ತಿಳಿಯದಿದ್ದರೆ, ತಿಳಿಯಬಾರದೆಂಬ ಇಚ್ಛೆ ಅವನಲ್ಲಿದೆ ಎಂದೇ ಅರ್ಥ.

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಪ್ರತಿಷ್ಠಾಪನ ಸಮಿತಿ. ದೇಹದ ಮಲವನ್ನು ಸಹ ನಿರ್ಜಂತುಕವಾದ, ಪರರಿಗೆ ಬಾಧೆಯಾಗದ ಸ್ಥಳವನ್ನು ನೋಡಿ ವಿಸರ್ಜಿಸಬೇಕೆಂಬ ನಿಯಮ ಅದು. ಆಹಾರ ಸ್ವೀಕಾರಕ್ಕೆ ಏಷಣಾ ಸಮಿತಿ ಇರುವಂತೆ ವಿಸರ್ಜನೆಗೂ ಒಂದು ಸಮಿತಿಯನ್ನು ಜಿನಶಾಸನ ಇಟ್ಟಿದೆ. ಗೃಹಸ್ಥನ ಉದ್ಯಮಕ್ಕೆ ಈ ಸಮಿತಿಯ ಅಣುರೂಪವಾದರೂ ಬೇಡವೆ? ಆಧುನಿಕ ಕಾನೂನು ತ್ಯಾಜ್ಯವಿಸರ್ಜನೆಗೆ ಹಾಕಿರುವ ಷರತ್ತುಗಳೆಲ್ಲ ಇದೇ ಸೂತ್ರದ ವಿಸ್ತಾರವೆಂದು ಶ್ರಾವಕನು ತಿಳಿದರೆ ಆ ಕಾನೂನು ಅವನಿಗೆ ಪರಕೀಯವಾಗಿ ಕಾಣಿಸದು.

ಚೌರ್ಯದ ಐದು ಅತಿಚಾರಗಳು

ಇಷ್ಟರವರೆಗಿನ ವಿಚಾರ ಅಹಿಂಸಾಣುವ್ರತದ ಮಾತಾಯಿತು. ಆದರೆ ಈ ದೋಷವನ್ನು ಅಹಿಂಸೆಯ ಖಾತೆಯಲ್ಲಿ ಮಾತ್ರ ಬರೆದರೆ ಸಾಲದು. ಅಚೌರ್ಯದ ಖಾತೆಯಲ್ಲಿಯೂ ಅದನ್ನು ನಮೂದಿಸಬೇಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ. ಇವುಗಳಲ್ಲಿ ಮೂರನೆಯದನ್ನು ಕನ್ನಡನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಾಗ, ವ್ಯವಸ್ಥೆ ಕೆಟ್ಟ ರಾಜ್ಯದಲ್ಲಿ ಉಚಿತ ನ್ಯಾಯವನ್ನು ಮೀರಿ, ಬೆಲೆಬಾಳುವ ದ್ರವ್ಯವನ್ನು ಅಲ್ಪಮೂಲ್ಯಕ್ಕೆ ಪಡೆಯುವ ಪ್ರಯತ್ನವೆಂದು ಅರ್ಥ ಮಾಡಿದ್ದಾರೆ. ರಾಜ್ಯದ ನಿಯಮಗಳ ಉಲ್ಲಂಘನೆ ಎಂಬ ಅರ್ಥವನ್ನೂ ಇಂದಿನ ವಿದ್ವಾಂಸರು ಅದಕ್ಕೆ ಹೇಳುವರು. ಎರಡು ಅರ್ಥಗಳಿಂದಲೂ ಪ್ರಸ್ತುತ ವಿಷಯ ಅದರೊಳಗೆ ಸೇರುತ್ತದೆ. ತನಿಖೆ ಸಡಿಲವಾಗಿರುವ ಊರನ್ನು ಆರಿಸಿ, ಅಲ್ಲಿಯ ಹೊಳೆಯನ್ನು ಬಿಟ್ಟಿ ಚರಂಡಿಯನ್ನಾಗಿ ಬಳಸಿ, ನಿಯಮ ಪಾಲಿಸುವ ವರ್ತಕನಿಗಿಂತ ಅಗ್ಗವಾಗಿ ಸರಕು ಮಾರುವುದು ಬೆಲೆಬಾಳುವುದನ್ನು ಅಲ್ಪಮೂಲ್ಯಕ್ಕೆ ಪಡೆಯುವುದಲ್ಲದೆ ಮತ್ತೇನು?

ಕೊನೆಯ ಎರಡು ಅತಿಚಾರಗಳನ್ನೂ ನೋಡಬಹುದು. ಹೆಚ್ಚು ಮಾಲಿನ್ಯಕಾರಕವೆಂದು ಗುರುತಿಸಿದ ೧೭ ವರ್ಗಗಳ ಉದ್ಯಮಗಳು ಹೊರಬಿಡುವ ನೀರಿನ ಮೇಲೆ ಹಗಲಿರುಳು ಕಣ್ಣಿಡುವ ಮಾಪಕಗಳನ್ನು ಅಳವಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ೨೦೧೪ರಲ್ಲಿ ಆದೇಶಿಸಿತು. ಆ ಮಾಪಕದ ಕಡ್ಡಿಯನ್ನು ಶುದ್ಧ ನೀರಿನ ಬಕೆಟ್ಟಿನಲ್ಲಿ ಅದ್ದಿಡುವವನು, ತೂಕದ ಬಟ್ಟನ್ನು ಟೊಳ್ಳುಮಾಡುವವನಿಗಿಂತ ಯಾವ ಬಗೆಯಲ್ಲಿ ಭಿನ್ನ? ಅದು ಹೀನಾಧಿಕ ಮಾನೋನ್ಮಾನ. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಮಾನವನ್ನು ತಲುಪಲು ಕೊಳವೆಬಾವಿಯ ಒಳ್ಳೆಯ ನೀರನ್ನು ಕಲುಷಿತ ನೀರಿಗೆ ಬೆರೆಸಿ ತೆಳುವಾಗಿಸುವುದು ಹಾಲಿಗೆ ನೀರು ಬೆರೆಸುವ ವಿದ್ಯೆ. ಅದು ಪ್ರತಿರೂಪಕ ವ್ಯವಹಾರ. ವಿಷದ ಮೊತ್ತ ಒಂದು ತೊಲೆಯೂ ಕಡಿಮೆಯಾಗಿರುವುದಿಲ್ಲ, ಒಳ್ಳೆಯ ನೀರು ಮಾತ್ರ ಹಾಳಾಗಿರುತ್ತದೆ. ಕಟ್ಟಡದವರಲ್ಲಿ ಇನ್ನೊಂದು ಉಪಾಯವಿದೆ. ೨೦೦೬ರ ಅಧಿಸೂಚನೆಯ ಪ್ರಕಾರ ೨೦,೦೦೦ ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ವಿಸ್ತೀರ್ಣದ ನಿರ್ಮಾಣಕ್ಕೆ ಪೂರ್ವಭಾವಿ ಪರಿಸರ ಅನುಮತಿ ಬೇಕು. ಆ ಗೆರೆಯ ಕೆಳಗೆ ಉಳಿಯಲೆಂದು ಒಂದೇ ಯೋಜನೆಯನ್ನು ಎರಡು ಹೆಸರುಗಳಲ್ಲಿ ಸೀಳುವುದೂ ಅಳತೆಯ ಮೋಸವೇ.

ಕದ್ದದ್ದು ಏನು ಎಂದು ಕೇಳುವವರಿಗೆ ಉತ್ತರ ತಮಿಳುನಾಡಿನ ನೊಯ್ಯಲ್ ನದಿಯ ದಂಡೆಯಲ್ಲಿದೆ. ತಿರುಪ್ಪೂರಿನ ಕೆಳಭಾಗದಲ್ಲಿ ಒರತ್ತುಪಾಳಯಂ ಅಣೆಕಟ್ಟನ್ನು ೧೯೯೨ರಲ್ಲಿ ಕಟ್ಟಿದ್ದು ನೀರಾವರಿಗಾಗಿ. ಅದರಲ್ಲಿ ತುಂಬಿದ್ದು ಬಣ್ಣದ ಘಟಕಗಳ ಉಪ್ಪುನೀರು. ನೀರು ಬಂದರೆ ಬದುಕುತ್ತೇವೆ ಎಂದಿದ್ದ ರೈತರೇ ಆ ನೀರನ್ನು ನಿಲ್ಲಿಸಬೇಡಿ ಎಂದು ನ್ಯಾಯಾಲಯದ ಮೆಟ್ಟಿಲೇರಿದರು. ೨೦೧೧ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅಲ್ಲಿಯ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಶುದ್ಧೀಕರಣದ ವೆಚ್ಚವನ್ನು ಉಳಿಸಿದ ಹಣ ಬಂದದ್ದು ಆ ರೈತರ ಹೊಲದಿಂದ. ಅದತ್ತಾದಾನ ಎಂಬುದರ ಅರ್ಥ ಕೊಡದಿದ್ದುದನ್ನು ತೆಗೆದುಕೊಳ್ಳುವುದು. ಆ ರೈತರು ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ.

ಉಳಿದ ಎರಡು ಆಕ್ಷೇಪಗಳು

ಸರ್ಕಾರದ ಒಳಚರಂಡಿಯೇ ಕೆರೆಗೆ ಹರಿಯುತ್ತಿರುವಾಗ ಉದ್ಯಮಿಯನ್ನು ಮಾತ್ರ ದೂರುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ ೨೦೧೫ರಲ್ಲಿಯೂ ಮತ್ತೆ ೨೦೧೭, ೨೦೧೮ರಲ್ಲಿಯೂ ಬೆಂಕಿ ಕಾಣಿಸಿಕೊಂಡಾಗ ಅದರ ಮೂಲದಲ್ಲಿದ್ದುದು ಬಹುಪಾಲು ನಗರದ ಶುದ್ಧೀಕರಿಸದ ಕೊಳಚೆಯೇ. ಬಸವನಗುಡಿಯ ಸಮೀಪ ಹುಟ್ಟಿ, ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುವ ವೃಷಭಾವತಿಯಲ್ಲಿಯೂ ಮನೆಗಳ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ ಎರಡೂ ಇವೆ. ಆಡಳಿತ ತನ್ನ ಕರ್ತವ್ಯದಲ್ಲಿ ಸೋತಿದೆ ಎಂಬುದು ನಿಜ. ಆದರೆ ಪರರ ವ್ರತಭಂಗದಿಂದ ತನ್ನ ವ್ರತಕ್ಕೆ ವಿನಾಯಿತಿ ದೊರೆಯುತ್ತದೆ ಎಂದು ಯಾವ ಶ್ರಾವಕಾಚಾರವೂ ಹೇಳಿಲ್ಲ. ನೆರೆಮನೆಯವರು ರಾತ್ರಿ ಉಣ್ಣುತ್ತಾರೆಂದು ಶ್ರಾವಕನು ರಾತ್ರಿ ಉಣ್ಣುವುದಿಲ್ಲ.

ಎರಡನೆಯದು ವೆಚ್ಚದ ಮಾತು. ಸಣ್ಣ ಘಟಕಕ್ಕೆ ಸ್ವಂತ ಶುದ್ಧೀಕರಣ ವ್ಯವಸ್ಥೆ ಭಾರವೆಂಬುದು ಒಪ್ಪತಕ್ಕ ಮಾತು. ಆದರೆ ಹಲವು ಸಣ್ಣ ಘಟಕಗಳು ಕೂಡಿ ಒಂದು ಸಾಮೂಹಿಕ ಶುದ್ಧೀಕರಣ ಘಟಕವನ್ನು ನಡೆಸುವ ಪದ್ಧತಿ ದೇಶದಲ್ಲಿ ದಶಕಗಳಿಂದ ಇದೆ. ಪಂಚಕಲ್ಯಾಣಕ್ಕೆ ಕೂಡಿ ಕೋಟಿ ರೂಪಾಯಿ ಒದಗಿಸಬಲ್ಲ ವರ್ತಕರು ಇದಕ್ಕೂ ಕೂಡಬಲ್ಲರು. ಇನ್ನು ಮಳೆನೀರಿನ ವಿಷಯದಲ್ಲಂತೂ ವೆಚ್ಚದ ಆಕ್ಷೇಪಕ್ಕೆ ಎಡೆಯೇ ಇಲ್ಲ. ರಾಶಿಗಳ ಮೇಲೆ ಮಾಡು, ಪೀಪಾಯಿಗಳ ಸುತ್ತ ಗಿಡ್ಡ ಕಟ್ಟೆ, ಮಳೆನೀರಿಗೂ ತ್ಯಾಜ್ಯನೀರಿಗೂ ಬೇರೆ ಬೇರೆ ಕಾಲುವೆ, ಮೊದಲ ಮಳೆಯನ್ನು ಹಿಡಿದಿಡಲು ಒಂದು ತೊಟ್ಟಿ, ನಿವೇಶನದ ತಗ್ಗಿನಲ್ಲಿ ಹೂಳು ತಂಗುವ ಗುಂಡಿ, ಸಿಮೆಂಟಿನ ಯಂತ್ರ ತೊಳೆಯಲು ಗೊತ್ತಾದ ಜಾಗ, ಕೂಲಿಕಾರರಿಗೆ ಶೌಚಾಲಯ. ಇವಿಷ್ಟರ ಒಟ್ಟು ವೆಚ್ಚ ಕಟ್ಟಡದ ಮುಂಭಾಗಕ್ಕೆ ಹಾಸುವ ಅಮೃತಶಿಲೆಯ ವೆಚ್ಚವನ್ನು ಮೀರದು. ತೊಟ್ಟಿಯ ಕೆಸರನ್ನು ತೆಗೆಯಲು ಮನುಷ್ಯರನ್ನು ಇಳಿಸಿ ಹಣ ಉಳಿಸುವ ಕ್ರೌರ್ಯವಂತೂ ೨೦೧೩ರ ಕಾಯಿದೆಯ ಪ್ರಕಾರವೂ ಅಪರಾಧ. ವಿಷಾನಿಲದಲ್ಲಿ ಒಬ್ಬ ಕೂಲಿಕಾರ ಸತ್ತಾಗ ಅದನ್ನು ಉದ್ಯೋಗೀ ಹಿಂಸೆ ಎನ್ನಲು ಯಾರ ನಾಲಗೆಯಾದರೂ ಏಳುವುದೇ?

ಬಸದಿಯ ಹುಂಡಿಗೆ ಬರುವ ಹಣ

ಈಗ ಟ್ರಸ್ಟುಗಳ ವಿಚಾರ. ಆಶಾಧರಸೂರಿಗಳು ಸಾಗಾರಧರ್ಮಾಮೃತದಲ್ಲಿ ಶ್ರಾವಕಧರ್ಮಕ್ಕೆ ಯೋಗ್ಯನಾದವನ ಗುಣಗಳನ್ನು ಎಣಿಸುವಾಗ ಮೊಟ್ಟಮೊದಲು ಇಟ್ಟದ್ದು ನ್ಯಾಯೋಪಾತ್ತಧನ, ಅಂದರೆ ನ್ಯಾಯದಿಂದ ಗಳಿಸಿದ ಹಣ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಮಾರ್ಗಾನುಸಾರಿಯ ೩೫ ಗುಣಗಳಲ್ಲಿ ಮೊದಲನೆಯದು ಇದೇ. ದಿಗಂಬರ ಶ್ವೇತಾಂಬರ ಆಮ್ನಾಯಗಳೆರಡೂ ಒಂದೇ ಸ್ಥಾನ ಕೊಟ್ಟಿರುವ ಈ ಗುಣವನ್ನು ದಾನ ಸ್ವೀಕರಿಸುವ ಮೇಜಿನ ಬಳಿ ಎಷ್ಟು ಟ್ರಸ್ಟುಗಳು ವಿಚಾರಿಸುತ್ತವೆ? ಕೆರೆ ಬತ್ತಿಸುವ ಉದ್ಯೋಗವನ್ನು ಇವರಿಬ್ಬರೂ ನಿಷಿದ್ಧ ಖರಕರ್ಮಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಅವು ಸರ್ಕಾರಗಳ ಕೆಲಸ. ಆದರೆ ಖಾಸಗಿ ಬಡಾವಣೆಗಾಗಿ ಕಾಲುವೆ ಮುಚ್ಚಿ ಕೆರೆಯಂಗಳ ತುಂಬಿಸಿದವನು ಸವಾಲ್ ಹಿಡಿದು ಪ್ರಥಮ ಕಲಶದ ಗೌರವವನ್ನು ಪಡೆಯುವುದಾದರೆ, ಆಶಾಧರರ ಮಾತು ಸಭಾಮಂಟಪದ ಹೊರಗೇ ಉಳಿದಂತೆ.

ದಾನದಿಂದ ಪಾಪ ತೊಳೆದುಹೋಗುತ್ತದೆಂಬ ಭ್ರಮೆಯನ್ನು ಬೆಳೆಸಿದ್ದರಲ್ಲಿ ಟ್ರಸ್ಟುಗಳ ಪಾಲು ಸಣ್ಣದಲ್ಲ. ದಾನದ ವಿಶೇಷ ಅಡಗಿರುವುದು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಲ್ಲಿ. ಸ್ವೀಕರಿಸುವವರು ರಸೀದಿ ಪುಸ್ತಕದಲ್ಲಿ ದಾತೃವಿನ ಹೆಸರನ್ನು ಬರೆದುಕೊಳ್ಳುತ್ತಾರೆ, ದ್ರವ್ಯದ ಮೂಲವನ್ನು ಕೇಳುವುದಿಲ್ಲ. ಮುಚ್ಚುವ ಆಜ್ಞೆಗೆ ಗುರಿಯಾದ ಉದ್ಯಮದ ಹಣವನ್ನು ಸ್ವೀಕರಿಸದಿರುವುದು, ಅಂಥ ಮಾಲೀಕನನ್ನು ದೋಷ ಸರಿಪಡಿಸುವವರೆಗೆ ವೇದಿಕೆಯ ಮೇಲೆ ಸನ್ಮಾನಿಸದಿರುವುದು ಅತಿಯಾದ ಬೇಡಿಕೆಯೇನಲ್ಲ.

ಟ್ರಸ್ಟುಗಳು ಸ್ವತಃ ನಿರ್ಮಾಣಕಾರರೂ ಆಗಿವೆ ಎಂಬುದನ್ನು ಮರೆಯಬಾರದು. ಯಾತ್ರಿನಿವಾಸ, ಕಲ್ಯಾಣಮಂಟಪ, ವಿದ್ಯಾರ್ಥಿನಿಲಯ, ಆಸ್ಪತ್ರೆ, ಭೋಜನಾಲಯಗಳು ಪ್ರತಿ ಕ್ಷೇತ್ರದಲ್ಲಿಯೂ ಏಳುತ್ತಿವೆ. ಸಾವಿರ ಜನರಿಗೆ ಸೋಸಿದ ನೀರಿನಿಂದ ಅಡುಗೆ ಮಾಡಿದ ಭೋಜನಾಲಯದ ಕೊಳಚೆ ಹಿತ್ತಿಲ ಹಳ್ಳಕ್ಕೆ ಹರಿದರೆ ಆ ಅಡುಗೆಯ ಶುದ್ಧಿ ಎಷ್ಟರದು? ಪ್ರತಿ ಟ್ರಸ್ಟು ತನ್ನ ಕಟ್ಟಡಗಳ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದರ ನಕ್ಷೆಯನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಲಿ. ಗುತ್ತಿಗೆದಾರರೊಡನೆ ಮಾಡುವ ಕರಾರಿನಲ್ಲಿ ಹೂಳುಗುಂಡಿ, ಶೌಚಾಲಯ, ಮಳೆನೀರಿನ ಕಾಲುವೆಗಳನ್ನು ಷರತ್ತಾಗಿ ಸೇರಿಸಲಿ. ಚಾತುರ್ಮಾಸ ಸ್ಥಾಪನೆಗೆ ಒಂದು ತಿಂಗಳ ಮುಂಚೆ, ಸಮಾಜದ ಉದ್ಯಮಿಗಳು ತಮ್ಮ ತಮ್ಮ ಅಂಗಳ, ತೊಟ್ಟಿ, ಕವಾಟಗಳನ್ನು ಪರೀಕ್ಷಿಸಿ ದುರಸ್ತಿ ಮಾಡುವುದನ್ನು ಒಂದು ನಿಯಮವಾಗಿ ಸ್ವೀಕರಿಸುವಂತೆ ಮುನಿಸಂಘಗಳ ಎದುರು ಪ್ರಾರ್ಥಿಸಲಿ. ಸಣ್ಣ ಘಟಕಗಳಿಗೆ ಬಡ್ಡಿಯಿಲ್ಲದ ಸಾಲ ಕೊಡಲು ಒಂದು ನಿಧಿಯನ್ನೂ ತೆರೆಯಬಹುದು. ಗೋಶಾಲೆಗೆ ಕೊಡುವ ಹಣದಷ್ಟೇ ಜೀವದಯೆ ಅದರಲ್ಲಿಯೂ ಇದೆ.

ಕಾನೂನಿನ ಭಯ ಇದನ್ನೆಲ್ಲ ಮಾಡಿಸೀತೆಂದು ಕಾದು ಕೂರುವಂತಿಲ್ಲ. ೧೯೭೪ರ ಅಧಿನಿಯಮದಲ್ಲಿ ೨೪ನೆಯ ಪ್ರಕರಣದ ಉಲ್ಲಂಘನೆಗೆ ಒಂದೂವರೆ ವರ್ಷದಿಂದ ಆರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲ್ಪಟ್ಟಿತ್ತು. ೨೦೨೪ರ ತಿದ್ದುಪಡಿ ಬಹುತೇಕ ಅಪರಾಧಗಳಿಗೆ ಸೆರೆವಾಸವನ್ನು ಕೈಬಿಟ್ಟು ೧೦,೦೦೦ ರೂಪಾಯಿಯಿಂದ ೧೫ ಲಕ್ಷ ರೂಪಾಯಿಯವರೆಗಿನ ದಂಡವನ್ನಷ್ಟೇ ಇಟ್ಟಿತು. ಅದು ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು; ಇತರ ರಾಜ್ಯಗಳು ವಿಧಾನಮಂಡಲದ ನಿರ್ಣಯದಿಂದ ಅಂಗೀಕರಿಸಬಹುದೆಂದು ಹೇಳಿತು. ಸೆರೆಮನೆಗೆ ಅಂಜುವವನು ದಂಡಕ್ಕೆ ಅಂಜಬೇಕೆಂದಿಲ್ಲ. ದೊಡ್ಡ ಉದ್ಯಮಿಗೆ ದಂಡವೆಂಬುದು ಖರ್ಚಿನ ಪಟ್ಟಿಯಲ್ಲಿ ಸೇರುವ ಇನ್ನೊಂದು ಬಾಬ್ತು. ರಾಜದಂಡ ಹೀಗೆ ಹಗುರವಾಗುತ್ತ ಬರುವ ಕಾಲದಲ್ಲಿ ಹೊಳೆಗೂ ಕೊಳವೆಗೂ ನಡುವೆ ಉಳಿಯುವ ತಡೆ ವ್ರತವೊಂದೇ. ಕಾನೂನು ಸಡಿಲವಾದಾಗ ವ್ರತಿಯ ಹೊಣೆ ಹೆಚ್ಚುತ್ತದೆ.

ಕನ್ನಡನಾಡಿನ ಜೈನರ ಪರಮಪವಿತ್ರ ಕ್ಷೇತ್ರಕ್ಕೆ ಹೆಸರು ಬಂದದ್ದು ಎರಡು ಬೆಟ್ಟಗಳ ನಡುವಿನ ಬಿಳಿಯ ಕೊಳದಿಂದ. ತೀರ್ಥವೆಂದರೆ ನೀರನ್ನು ದಾಟುವ ಕಡವು. ಅದನ್ನು ಕಟ್ಟಿಕೊಟ್ಟವನು ತೀರ್ಥಂಕರ. ನೀರನ್ನು ಇಷ್ಟು ಆಳವಾಗಿ ತನ್ನ ನುಡಿಯಲ್ಲಿ ಇಟ್ಟುಕೊಂಡ ಧರ್ಮದ ಅನುಯಾಯಿಗಳು, ತಮ್ಮ ಉದ್ಯಮದ ಗೋಡೆಯಾಚೆ ಹರಿಯುವ ನೀರಿನಲ್ಲಿ ಒಂದು ಮೀನಾದರೂ ಬದುಕಬಲ್ಲುದೇ ಎಂದು ಈ ಮಳೆಗಾಲಕ್ಕೆ ಮುಂಚೆ ಹೋಗಿ ನೋಡಿ ಬರುವುದು ಅಗತ್ಯ. ನಲ್ಲಿಗೆ ಕಟ್ಟಿದ ಬಟ್ಟೆ ಅಲ್ಲಿಯೇ ಇರಲಿ. ಜೀವಾಣಿಯ ವಿಧಿಯನ್ನು ಕಾರ್ಖಾನೆಯ ಕಾಲುವೆಗೂ, ಕಟ್ಟಡದ ಚರಂಡಿಗೂ ಪಾಲಿಸುವವನೇ ನೀರು ಸೋಸುವ ಶ್ರಾವಕನೆಂದು ಕರೆಸಿಕೊಳ್ಳಲು ಅರ್ಹನು.